ಹೊಗೆಸೊಪ್ಪಿನ ಎಲೆಯಲ್ಲೊಂದು ನ್ಯಾನೊ ಪಾಠ

ಹುಣಸೂರು, ಪಿರಿಯಾಪಟ್ಟಣ, ನಮ್ಮ ಕೋಟೆ ಕಡೆಯ ಹೊಗೆಸೊಪ್ಪು ಬೆಳೆಗಾರರಿಗೆ ಮೊಸಾಯಿಕ್ ರೋಗ ಹೊಸದಲ್ಲ. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ ಬೀಳುತ್ತದೆ, ಎಲೆ ಮುದುಡುತ್ತದೆ, ಸೊಪ್ಪಿನ ದರ್ಜೆ ಇಳಿಯುತ್ತದೆ. ಮುಟ್ಟಿದ ಕೈಯಿಂದಲೇ ಗಿಡದಿಂದ ಗಿಡಕ್ಕೆ ಹರಡುವುದರಿಂದ, ಸಸಿಮಡಿಗೆ ಹೋಗುವ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ, ಅಲ್ಲಿ ಬೀಡಿ ಸೇದಬೇಡಿ ಎನ್ನುತ್ತಾರೆ. ಈ ರೋಗದ ವೈರಸ್ ರಸಾಯನ ವಿಜ್ಞಾನಕ್ಕೆ ದೊಡ್ಡ ಪಾಠವನ್ನೇ ಕಲಿಸಿದೆ ಎಂಬುದು ಮಾತ್ರ ನಮ್ಮ ತರಗತಿಯಲ್ಲಿ ಕೇಳಿಬರುವುದಿಲ್ಲ.

ಈ ವೈರಸ್ ಒಂದು ಪುಟ್ಟ ಕೋಲು. ಉದ್ದ 300 ನ್ಯಾನೊಮೀಟರ್, ದಪ್ಪ 18. ಒಳಗೆ ಆರ್‌ಎನ್‌ಎ ಎಳೆ, ಅದರ ಸುತ್ತ ಸುರುಳಿ ಮೆಟ್ಟಿಲಿನಂತೆ ಒಂದೇ ಅಚ್ಚಿನ ಸುಮಾರು 2130 ಪ್ರೋಟೀನ್ ಅಣುಗಳು. 1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ಪ್ರತ್ಯೇಕವಾಗಿ ತೆಗೆದ ಪ್ರೋಟೀನ್ ಮತ್ತು ಆರ್‌ಎನ್‌ಎಯನ್ನು ಪ್ರನಾಳದಲ್ಲಿ ಬೆರೆಸಿದರು. ಕೋಲುಗಳು ತಾವಾಗಿಯೇ ಕಟ್ಟಿಕೊಂಡವು! ಎಲೆಗೆ ಹಚ್ಚಿದರೆ ರೋಗವೂ ಬಂತು. ನಿಂತು ಜೋಡಿಸುವ ಮೇಸ್ತ್ರಿ ಯಾರೂ ಇರಲಿಲ್ಲ. ಹೈಡ್ರೋಜನ್ ಬಂಧ, ಆವೇಶಗಳ ಸೆಳೆತ, ನೀರನ್ನು ಒಲ್ಲದ ಭಾಗಗಳು ಒಂದನ್ನೊಂದು ಸೇರುವುದು, ಹೀಗೆ ನಾವು "ದುರ್ಬಲ ಬಲಗಳು" ಎಂದು ಎರಡು ಅಂಕಕ್ಕೆ ಬರೆದು ಮುಗಿಸುವವೇ ಅಲ್ಲಿ ಕೆಲಸ ಮಾಡಿದ್ದು. ಅವು ದುರ್ಬಲವಾಗಿರುವುದೇ ಒಳ್ಳೆಯದಾಯಿತು. ತಪ್ಪಾಗಿ ಅಂಟಿದ ಅಣು ಬಿಡಿಸಿಕೊಂಡು ಸರಿಯಾದ ಜಾಗಕ್ಕೆ ಹೋಗಬಹುದು.

ಇದನ್ನು ಸ್ವಯಂಜೋಡಣೆ ಎನ್ನುತ್ತಾರೆ. ಬೇರೆ ಅಣುಗಳಿಂದಲೂ ಹೀಗೆಯೇ ಕಟ್ಟಿಸುವುದು ಇಂದು ದೊಡ್ಡ ಸಂಶೋಧನೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸುಬಿ ಜಾರ್ಜ್ ಅವರ ತಂಡ, ಜೀವಕೋಶದ ಎಟಿಪಿಯನ್ನೇ ಬಳಸಿ ಅಣುಗಳ ಸರಪಳಿ ಬೆಳೆಯುವಂತೆ, ಮತ್ತೆ ಬಿಚ್ಚಿಕೊಳ್ಳುವಂತೆ ಮಾಡಿದೆ. ಅಮೆರಿಕದಲ್ಲಿ ನಮ್ಮ ಹೊಗೆಸೊಪ್ಪಿನ ವೈರಸ್‌ಗೇ ನಿಕ್ಕಲ್ ಲೇಪಿಸಿ ಬ್ಯಾಟರಿಯ ಎಲೆಕ್ಟ್ರೋಡ್ ಮಾಡಿದ್ದಾರೆ.

ನಮ್ಮ ಸ್ಥಿತಿ ನೋಡಿ. ಎನ್‌ಸಿಇಆರ್‌ಟಿ ಪಠ್ಯ ಕಡಿತದಲ್ಲಿ ದ್ವಿತೀಯ ಪಿಯುನ ಮೇಲ್ಮೈ ರಸಾಯನ ವಿಜ್ಞಾನದ ಅಧ್ಯಾಯವೇ ಹೋಯಿತು. ಸೋಪಿನ ಅಣುಗಳು ನೀರಿನಲ್ಲಿ ಗುಂಪುಗೂಡಿ ಮೈಸೆಲ್ ಆಗುವುದನ್ನು ಸೀನಿಯರ್‌ಗಳು ಅಲ್ಲಿ ಓದಿದ್ದರು. ಸ್ವಯಂಜೋಡಣೆಗೆ ಅದಕ್ಕಿಂತ ಸುಲಭದ ಉದಾಹರಣೆ ಇಲ್ಲ. "ನೀಟ್‌ಗೆ ಬರಲ್ಲ, ಸಿಇಟಿಗೆ ಬರಲ್ಲ, ಬಿಡು" ಎನ್ನುವ ಗೆಳೆಯರ ಮಾತು ಅಂಕದ ಲೆಕ್ಕದಲ್ಲಿ ಸರಿ. ಹೊರೆ ಇಳಿಯಲೆಂದು ನಾನೂ ಬಯಸುತ್ತೇನೆ. ಆದರೆ ಹೊಗೆಸೊಪ್ಪು ಬೆಳೆಯುವ ಮನೆಯಿಂದ ಬಂದ ವಿದ್ಯಾರ್ಥಿಗೆ, ವಿಜ್ಞಾನವೆಂದರೆ ಊರು ಬಿಟ್ಟು ಹೋದ ಮೇಲೆ ಸಿಗುವ ವಸ್ತು ಅನ್ನಿಸುವುದು ಇಂಥ ಕಡಿತದಿಂದಲೇ.

ನಮ್ಮ ಉಪನ್ಯಾಸಕರಲ್ಲಿ ನನ್ನದು ಸಣ್ಣ ಕೋರಿಕೆ. ತಿಂಗಳಿಗೆ ಒಂದು ಗಂಟೆ, ಪರೀಕ್ಷೆಗಿಲ್ಲದ ರಸಾಯನ ವಿಜ್ಞಾನಕ್ಕೆ ಕೊಡಿ. ದುಬಾರಿ ಯಂತ್ರ ಬೇಡ. ಒಂದು ಲೋಟ ಉಪ್ಪುನೀರು, ಇನ್ನೊಂದರಲ್ಲಿ ನಾಲ್ಕು ಹನಿ ಹಾಲು ಬೆರೆಸಿದ ನೀರು ಇಟ್ಟು ಕತ್ತಲಲ್ಲಿ ಟಾರ್ಚ್ ಬಿಡೋಣ. ಬೆಳಕಿನ ದಾರಿ ಹಾಲಿನ ಲೋಟದಲ್ಲಿ ಕಾಣುತ್ತದೆ, ಏಕೆಂದರೆ ಅದರಲ್ಲಿ ಕೊಬ್ಬಿನ ಹನಿಗಳ ಜೊತೆಗೆ, ಸಾವಿರಾರು ಕೇಸಿನ್ ಅಣುಗಳು ತಾವೇ ಸೇರಿ ಕಟ್ಟಿಕೊಂಡ ಉಂಡೆಗಳಿವೆ. ಹಾಲು ನಾನು ತರುತ್ತೇನೆ.