ಆ ಒಂದು 'ಅಥವಾ'

ನಮ್ಮ ಐ.ಡಿ.ಹಳ್ಳಿ ಕಡೆ ಹಾಲಿನ ಡೇರಿಗೆ ನಿರ್ದೇಶಕ ಆಗಬೇಕು ಅಂದ್ರೆ ಮೊದಲು ಡೇರಿಗೆ ಹಾಲು ಹಾಕುವವನಾಗಿರಬೇಕು. ಪಶುವೈದ್ಯರ ಮೇಲೆ ಎಲ್ಲರಿಗೂ ಗೌರವ ಇದೆ. ಹಾಗಂತ ಡೇರಿಯ ಅಧ್ಯಕ್ಷಗಿರಿ ಅವರಿಗೆ ಕೊಡಿ ಅಂತ ಯಾರೂ ಕೇಳಲ್ಲ.

ಮಾನಸಿಕ ಕಾಯಿಲೆ ವಿಷಯಕ್ಕೆ ಬಂದ್ರೆ ಮಾತ್ರ ಲೆಕ್ಕ ತಿರುಗುಮುರುಗು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಳ್ಳೆಯದೇ. ಅದರಡಿ ಒಂದು ಪುನರ್ವಿಮರ್ಶಾ ಮಂಡಳಿ ಇದೆ. ಒಬ್ಬರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದು ಸರಿಯಾ ಅಂತ ತೀರ್ಮಾನಿಸುವ ಮಂಡಳಿ. ಒಟ್ಟು ಆರು ಜನ: ಅಧ್ಯಕ್ಷರಾಗಿ ಜಿಲ್ಲಾ ನ್ಯಾಯಾಧೀಶರು ಅಥವಾ ಆ ಅರ್ಹತೆಯವರು, ಜಿಲ್ಲಾಧಿಕಾರಿಯ ಪ್ರತಿನಿಧಿ, ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು. ಉಳಿದ ಎರಡು ಕುರ್ಚಿ? ಕಾಯಿಲೆ ಇರುವವರು, ಅಥವಾ ನೋಡಿಕೊಳ್ಳುವವರು, ಅಥವಾ ಅವರ ಸಂಘಟನೆಯವರು, ಅಥವಾ ಎನ್‌ಜಿಒದವರು. ಈ 'ಅಥವಾ'ದ ದಯೆಯಿಂದ, ಕಾಯಿಲೆ ಉಂಡವರು ಒಬ್ಬರೂ ಇಲ್ಲದೆ ಮಂಡಳಿ ಕಾನೂನುಬದ್ಧವಾಗೇ ಭರ್ತಿಯಾಗಬಹುದು. ಪಂಚಾಯಿತಿ ಅಧ್ಯಕ್ಷೆಯ ಬದಲು ಗಂಡ ಬಂದು ಕೂತರೆ ನಗ್ತೀವಿ. ಇಲ್ಲಿ ಆ ಗಂಡನಿಗೆ ಕಾಯ್ದೆಯೇ ಕುರ್ಚಿ ಹಾಕಿದೆ. (ನೋಡಿಕೊಳ್ಳುವ ಅಮ್ಮಂದಿರ ಕಷ್ಟ ಸಣ್ಣದಲ್ಲ. ಅವರಿಗೂ ಕುರ್ಚಿ ಹಾಕಿ, ಆದ್ರೆ ಬೇರೆ ಹಾಕಿ.)

ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ. ಸರಿ. ಆದ್ರೆ ಇಲ್ಲಿಂದ ಮಧುಗಿರಿಗೆ ಹೋಗಿಬಂದ್ರೆ ಒಂದು ದಿನದ ಕೂಲಿ ಹೋಯ್ತು. ರಾತ್ರಿ ನುಂಗಿದ ಮಾತ್ರೆಯ ಮಂಪರು ಬೆಳಗ್ಗೆ ಇಳಿಯದಿದ್ರೆ ಕಡ್ಲೆಕಾಯಿ ಕೀಳೋಕೆ ಯಾರೂ ಕರೆಯಲ್ಲ. ಆಮೇಲೆ ಮಾತ್ರೆ ಬಿಡೋದೇ. ಚೀಟಿಯಲ್ಲಿ ಇದಕ್ಕೆ 'ಔಷಧಿ ಸರಿಯಾಗಿ ತಗೊಳ್ತಿಲ್ಲ' ಅಂತ ಒಂದೇ ಸಾಲು. ಆ ಮಂಪರಿನಲ್ಲಿ ಎದ್ದವರು ಯೋಜನೆ ಮಾಡುವ ಕಡೆ ಕೂತಿದ್ರೆ ಡೋಸು, ದಿನ, ಜಾಗ ಮೂರೂ ಚರ್ಚೆಗೆ ಬರ್ತಿದ್ದವು.

ನಿಮ್ಮ ಬೆಂಗಳೂರಿನ ಆಫೀಸೂ ಬೇರೆಯೇನಲ್ಲ. ಅಕ್ಟೋಬರ್ 10ಕ್ಕೆ ಖಿನ್ನತೆಯಿಂದ ಎದ್ದುಬಂದ ಸಹೋದ್ಯೋಗಿಯನ್ನ ಹತ್ತು ನಿಮಿಷ ಮಾತಾಡಿಸಿ, ಚಪ್ಪಾಳೆ ತಟ್ಟಿ, ಕೈಗೊಂದು ಗಿಡ ಕೊಡ್ತಾರೆ. ಬಜೆಟ್ ಮೀಟಿಂಗಿಗೆ ಕರೆದಿದ್ದಾರಾ, ಕೇಳಿ ನೋಡಿ.

'ನಡುವೆ ಮತ್ತೆ ಹುಷಾರು ತಪ್ಪಿದ್ರೆ?' ತಪ್ಪಿದ್ರೆ ರಜೆ ಹಾಕ್ತಾರೆ. ಬೈಪಾಸ್ ಆದ ಮಂತ್ರಿಗಳು ಖಾತೆ ನೋಡಿಕೊಳ್ಳಲ್ವಾ? ಕುಡಿತ ಬಿಡಿಸುವ ಎ.ಎ. ಗುಂಪುಗಳನ್ನ 1935ರಿಂದ ನಡೆಸ್ತಿರೋದು ಕುಡುಕರಾಗಿದ್ದವರೇ. ಹುಷಾರು ತಪ್ಪಿದಾಗ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಅಂತ ಮೊದಲೇ ಬರೆದಿಡುವ ಹಕ್ಕನ್ನ ಇದೇ ಕಾಯ್ದೆಯ 5ನೇ ಸೆಕ್ಷನ್ ಕೊಟ್ಟಿದೆ. ಅಷ್ಟು ತಿಳಿದವರು ಸಭೆ ನಡೆಸಲಾರರಾ?

ಇದಕ್ಕೆ ಕಾಯ್ದೆ ತಿದ್ದೋವರೆಗೂ ಕಾಯಬೇಕಿಲ್ಲ. 'ಅಥವಾ' ಇರುವಾಗಲೇ ಆ ಎರಡೂ ಕುರ್ಚಿಯನ್ನ ಕಾಯಿಲೆ ಅನುಭವಿಸಿದವರಿಗೇ ಕೊಡಬಹುದು. ಜೊತೆಗೆ ಬಸ್ ಚಾರ್ಜು, ಆ ದಿನದ ಕೂಲಿ.