ಮಾಡಿನ ಕಿಟಕಿಯನ್ನು ಮುಚ್ಚುವವರು ಯಾರು?



ಹೊಸ ಮನೆಯ ನಕ್ಷೆ ಕೈಗೆ ಬಂದಾಗ ನಮ್ಮ ಮಾತೆಲ್ಲ ಎದುರಿನ ಸಿಟೌಟ್, ನೆಲದ ಟೈಲ್ಸ್, ಅಡುಗೆ ಮನೆಯ ಕಪಾಟುಗಳ ಸುತ್ತಲೇ ತಿರುಗುತ್ತದೆ. ಮನೆಯೊಳಗಿನ ಬಿಸಿಗಾಳಿ ಎಲ್ಲಿಂದ ಹೊರಗೆ ಹೋಗಬೇಕು ಎಂದು ಕೇಳುವವರು ಕಡಿಮೆ. ಈಗ ನಮ್ಮ ಕರಾವಳಿಯಲ್ಲಿ ಕಟ್ಟುವ ಕೆಲವು ಮನೆಗಳಲ್ಲಿ ಮೆಟ್ಟಿಲಿನ ಮೇಲೋ ಊಟದ ಕೋಣೆಯ ಮೇಲೋ ತೆರೆಯುವ ಬೆಳಕಿಂಡಿ, ಅಂದರೆ ಸ್ಕೈಲೈಟ್, ಇಡಿಸುತ್ತಿದ್ದಾರೆ. "ಸ್ವಿಚ್ ಒತ್ತಿದರೆ ತೆರೆಯುವುದು ಬೇಕೇ, ಕೈಯಿಂದ ತೆರೆಯುವುದು ಸಾಕೇ?" ಎಂದು ಗುತ್ತಿಗೆದಾರರು ಕೇಳುತ್ತಾರೆ. ಉತ್ತರ ಕೊಡುವವರು ಹೆಚ್ಚಾಗಿ ಮನೆಯ ಗಂಡಸರು. ಆದರೆ ದಿನವೂ ಅದನ್ನು ತೆರೆದು ಮುಚ್ಚಬೇಕಾದವರು ನೀವು.

ಬೆಳಕಿಂಡಿ ನಮಗೆ ಹೊಸತಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಮಂಗಳೂರು ಹಂಚು ಊರೂರಿಗೆ ಹರಡಿತು. ಅದೇ ಅಚ್ಚಿನ ಗಾಜಿನ ಹಂಚನ್ನು ನಮ್ಮ ಹಿರಿಯರು ಅಡುಗೆ ಕೋಣೆಯ ಮಾಡಿನಲ್ಲಿ ಒಂದೆರಡು ಕಡೆ ಕೂರಿಸುತ್ತಿದ್ದರು. ಅದು ಬೆಳಕು ಕೊಡುತ್ತಿತ್ತು. ಗಾಳಿ ಹೋಗಲು ಹಂಚು ಹಂಚಿನ ನಡುವಿನ ಸಂದಿಯೇ ಸಾಕಾಗುತ್ತಿತ್ತು. ಈಗಿನ ಕಾಂಕ್ರೀಟ್ ಮನೆಗೆ ಆ ಸಂದಿ ಇಲ್ಲ. ಬಿಸಿಗಾಳಿ ಹಗುರ, ಅದು ಮೇಲಕ್ಕೇರಿ ಸ್ಲ್ಯಾಬಿನ ಕೆಳಗೆ ನಿಲ್ಲುತ್ತದೆ. ಅಲ್ಲೊಂದು ಕಿಂಡಿ ತೆರೆದರೆ ಅದು ಹೊರಗೆ ಹೋಗುತ್ತದೆ, ಆ ಜಾಗಕ್ಕೆ ಕೆಳಗಿನ ಕಿಟಕಿಗಳಿಂದ ತಂಪು ಗಾಳಿ ಬರುತ್ತದೆ. ಪಕ್ಕದ ಮನೆಯ ಗೋಡೆ ಕೈಗೆಟಕುವಷ್ಟು ಹತ್ತಿರವಿರುವಾಗ, ದಾರಿಹೋಕರ ಕಣ್ಣಿಗೆ ಬೀಳದೆ ಬೆಳಕು ಗಾಳಿ ಎರಡೂ ಬೇಕೆನ್ನುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ.

ಈಗ ನಾನು ಕಂಡ ಎರಡು ಮನೆಗಳ ಮಾತು ಕೇಳಿ.

ಒಂದು ಮನೆಯಲ್ಲಿ ಯಜಮಾನರು ಗಲ್ಫ್‌ನಲ್ಲಿದ್ದಾರೆ. ಅಲ್ಲಿ ನೋಡಿದ್ದನ್ನು ಮೆಚ್ಚಿ ರಿಮೋಟ್‌ನಿಂದ ತೆರೆಯುವ ಕಿಂಡಿಯನ್ನೇ ಮೆಟ್ಟಿಲಿನ ಮೇಲೆ ಹಾಕಿಸಿದರು. ಜೂನ್‌ನ ಒಂದು ರಾತ್ರಿ ಮಳೆಯೊಂದಿಗೆ ಗಾಳಿಯೂ ಎದ್ದಿತು. ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಕಿಂಡಿ ತೆರೆದೇ ಇತ್ತು. ಆ ಸಹೋದರಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬೆಳಗಿನವರೆಗೆ ಬಕೆಟ್ ಬದಲಾಯಿಸುತ್ತಾ ಕುಳಿತರು. ಮನೆಯಲ್ಲಿ ಇನ್ವರ್ಟರ್ ಇತ್ತು. ಆದರೆ ಕಿಂಡಿಯ ತಂತಿಯನ್ನು ಅದಕ್ಕೆ ಸೇರಿಸಿರಲಿಲ್ಲ. "ಇದನ್ನು ಕೈಯಿಂದ ಮುಚ್ಚುವುದು ಹೇಗೆಂದು ನನಗೆ ಯಾರೂ ಹೇಳಲೇ ಇಲ್ಲ" ಎಂದರು ಅವರು.

ಇನ್ನೊಂದು ಮನೆಯಲ್ಲಿ ಕೈಯಿಂದ ತೆರೆಯುವ ಕಿಂಡಿ. ತಲೆಯೆತ್ತಿ ನಿಂತು, ದೋಟಿಯಂತಹ ಉದ್ದ ಕೋಲಿನ ಕೊಕ್ಕೆಯನ್ನು ಕಿಂಡಿಯ ಬಳೆಗೆ ಸಿಕ್ಕಿಸಿ ತಿರುಗಿಸಬೇಕು. ಮೊದಲ ವರ್ಷ ಎಲ್ಲ ಸರಿಯಿತ್ತು. ಆಮೇಲೆ ಮನೆಯಲ್ಲಿ ಉಳಿದವರು ಭುಜದ ನೋವಿನ ಉಮ್ಮ ಒಬ್ಬರೇ. ಕೋಲು ಬಾಗಿಲ ಹಿಂದೆ ಸೇರಿತು, ಕಿಂಡಿ ಎರಡು ವರ್ಷದಿಂದ ಮುಚ್ಚಿದೆ. ಮಧ್ಯಾಹ್ನ ಆ ಕೋಣೆಯಲ್ಲಿ ಕೂರಲಾಗುವುದಿಲ್ಲ. "ಮಗನೇ, ಗಾಜು ಹಾಕಿಸಿ ಬಿಸಿಲು ತಂದಿಯಲ್ಲಾ" ಎಂದು ಉಮ್ಮ ಮಗನಿಗೆ ಫೋನಿನಲ್ಲಿ ಹೇಳುತ್ತಾರೆ.

ಎರಡೂ ಮನೆಗಳಲ್ಲಿ ತಂದ ವಸ್ತು ಕೆಟ್ಟದ್ದಾಗಿರಲಿಲ್ಲ. ಯಾರ ಕೈ ಅದನ್ನು ಮುಚ್ಚಬೇಕು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಮೊದಲು ಎತ್ತರ ನೋಡಿ. ಹತ್ತು ಅಡಿಯೊಳಗಿದ್ದು, ಕೆಳಗೆ ಸಮನಾದ ನೆಲದ ಮೇಲೆ ನಿಂತು ಕೋಲು ಹಿಡಿಯಬಹುದಾದರೆ ಕೈಯಿಂದ ತೆರೆಯುವುದೇ ಒಳ್ಳೆಯದು. ಬೆಲೆ ಕಡಿಮೆ, ಕೆಡುವ ಭಾಗಗಳು ಕಡಿಮೆ, ಕರೆಂಟಿನ ಹಂಗಿಲ್ಲ. ಕೆಟ್ಟರೂ ಊರಿನ ಅಲ್ಯೂಮಿನಿಯಂ ಕೆಲಸದವರು ರಿಪೇರಿ ಮಾಡಿಯಾರು. ಆದರೆ ಅಂಗಡಿಯಲ್ಲಿ ಆ ಕೋಲನ್ನು ನೀವೇ ಹಿಡಿದು ಹತ್ತು ಬಾರಿ ತಿರುಗಿಸಿ ನೋಡಿ. ಮನೆಯ ಹಿರಿಯರ ಕೈಗೂ ಕೊಟ್ಟು ನೋಡಿ. ಇಂದು ನಿಮ್ಮಿಂದಾಗುವುದು ಇನ್ನು ಹದಿನೈದು ವರ್ಷದ ನಂತರವೂ ಆಗಬೇಕಲ್ಲವೇ?

ಮೆಟ್ಟಿಲಿನ ಮೇಲಿನ ಎತ್ತರದ ಕಿಂಡಿಗೆ, ಮಂಡಿ ಭುಜದ ನೋವಿರುವವರ ಮನೆಗೆ ಮೋಟಾರಿನದೇ ಸರಿ. ಮೆಟ್ಟಿಲ ನಡುವೆ ನಿಂತು ತಲೆಯೆತ್ತಿ ಕೋಲು ತಿರುಗಿಸುವುದು ಅಪಾಯ. ಕರೆಂಟು ಬಿಲ್ಲಿನ ಭಯ ಬೇಡ. ಲೆಕ್ಕ ಹಾಕಿ ನೋಡೋಣ. 60 ವ್ಯಾಟಿನ ಮೋಟಾರು ಒಮ್ಮೆಗೆ ಒಂದು ನಿಮಿಷದಂತೆ ದಿನಕ್ಕೆ ನಾಲ್ಕು ಬಾರಿ ಓಡಿತು ಎಂದಿಟ್ಟುಕೊಳ್ಳಿ. ತಿಂಗಳಿಗೆ 0.12 ಯೂನಿಟ್ ಮಾತ್ರ. ರಿಮೋಟಿಗಾಗಿ ಹಗಲೂ ರಾತ್ರಿ ಎಚ್ಚರವಾಗಿರುವ ಭಾಗ ಒಂದೇ ವ್ಯಾಟ್ ತೆಗೆದುಕೊಂಡರೂ ತಿಂಗಳಿಗೆ 0.72 ಯೂನಿಟ್ ಆಗುತ್ತದೆ, ಅಂದರೆ ಮೋಟಾರು ಓಡುವುದಕ್ಕಿಂತ ಆರು ಪಟ್ಟು. ಎರಡೂ ಸೇರಿದರೂ ಒಂದು ಯೂನಿಟ್ ಇಲ್ಲ. ನಿಜವಾದ ಖರ್ಚು ಮೋಟಾರಿನ ಬೆಲೆ ಮತ್ತು ಅದು ಕೆಟ್ಟಾಗಿನ ರಿಪೇರಿ.

ಮೋಟಾರಿನದು ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ. ಒಂದು, ಕರೆಂಟು ಹೋದಾಗ ಮುಚ್ಚುವುದು ಹೇಗೆ? ಬ್ಯಾಟರಿ ಇರಬೇಕು, ಇಲ್ಲವೇ ಕಿಂಡಿಯ ತಂತಿಯನ್ನು ಇನ್ವರ್ಟರ್ ಲೈನಿಗೆ ಸೇರಿಸಬೇಕು. ಗೋಡೆಗೆ ಗಾರೆ ಬಳಿಯುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಇದನ್ನು ಹೇಳಿಬಿಡಿ. ಎರಡು, ಮೋಟಾರೇ ಕೆಟ್ಟರೆ ಕೈಯಿಂದ ಮುಚ್ಚಲು ಬರುತ್ತದೆಯೇ? ಹಲವು ಮೋಟಾರುಗಳ ಸರಪಳಿಯನ್ನು ಕಿಂಡಿಯಿಂದ ಕಳಚಬಹುದು, ಆದರೆ ಅದಕ್ಕೆ ಏಣಿ ಬೇಕು. ಕೆಲಸದವರು ಹೊರಡುವ ಮೊದಲು ನಿಮ್ಮ ಕಣ್ಣೆದುರಿಗೇ ಅದನ್ನು ಮಾಡಿ ತೋರಿಸಲಿ. ಮೂರು, ಮಳೆಯ ಹನಿ ಬಿದ್ದರೆ ತಾನಾಗಿ ಮುಚ್ಚುವ ಸೆನ್ಸರ್ ಇದೆಯೇ? ಮದುವೆ ಮನೆಗೆ ಹೋದಾಗಲೋ ಮಧ್ಯಾಹ್ನ ನಿದ್ದೆ ಹತ್ತಿದಾಗಲೋ ಬರುವ ಮಳೆಗೆ ಅದೇ ಕಾವಲು. ಆದರೆ ಸೆನ್ಸರಿಗೂ ಕರೆಂಟು ಬೇಕು ಎಂಬುದು ನೆನಪಿರಲಿ. ನಾಲ್ಕು, ಸಿಡಿಲಿನಿಂದ ರಕ್ಷಣೆ ಏನು? ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಗುಡುಗು ಮಳೆಗೆ ಟಿ.ವಿ. ಸುಟ್ಟ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಸರ್ಜ್ ತಡೆಯುವ ಸಾಧನ ಇರಲಿ. ಕಟ್ಟಿ ಮುಗಿದ ಹಳೆಯ ಮನೆಯ ಗೋಡೆ ಕೊರೆಯಲು ಮನಸ್ಸಿಲ್ಲದವರಿಗೆ ಸಣ್ಣ ಸೌರ ಫಲಕ ಮತ್ತು ಬ್ಯಾಟರಿಯಿಂದ ನಡೆಯುವ ಕಿಂಡಿಗಳೂ ಇವೆ.

ಯಾವುದನ್ನೇ ಆರಿಸಿ, ಕೆಲವು ಮಾತು ಎರಡಕ್ಕೂ ಸಮಾನ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತಾರಸಿಯಲ್ಲಿ ಕಿಂಡಿಯ ಸುತ್ತ ಕನಿಷ್ಠ ಆರು ಇಂಚು ಎತ್ತರದ ಕಟ್ಟೆ ಕಟ್ಟಿಸಿ, ಅದರ ಮೇಲೆ ಚೌಕಟ್ಟು ಕೂರಿಸಬೇಕು. ಸಾಮಾನ್ಯವಾಗಿ ನೀರು ಸೋರುವುದು ಗಾಜಿನಿಂದಲ್ಲ, ಅಂಚಿನಿಂದ. ಗಾಜು ಲ್ಯಾಮಿನೇಟೆಡ್ ಆಗಿರಲಿ. ತೆಂಗಿನಕಾಯಿ ಬಿದ್ದು ಒಡೆದರೂ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡಿರುತ್ತವೆ, ಕೆಳಗೆ ಆಡುವ ಮಕ್ಕಳ ತಲೆಯ ಮೇಲೆ ಸುರಿಯುವುದಿಲ್ಲ. ಕಳ್ಳರಿಗೂ ಕೋತಿಗಳಿಗೂ ಅಡ್ಡವಾಗಿ ಒಳಗೆ ಕಬ್ಬಿಣದ ಸರಳು, ಸೊಳ್ಳೆಗೆ ಬಲೆ ಇರಲಿ. ಕಡಲ ಗಾಳಿಗೆ ಕಬ್ಬಿಣದ ತಿರುಗಣೆ ಬೇಗ ತುಕ್ಕು ಹಿಡಿಯುತ್ತದೆ, ಅದನ್ನು ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ. ಪಕ್ಕದ ಎತ್ತರದ ಕಟ್ಟಡದಿಂದ ಒಳಗೆ ಕಾಣುವಂತಿದ್ದರೆ ಮಂಜು ಗಾಜು ಹಾಕಿಸಿ. ಕಿಂಡಿ ಚಿಕ್ಕದಾಗಿರಲಿ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ, ದೊಡ್ಡ ಗಾಜೆಂದರೆ ದೊಡ್ಡ ಒಲೆ. ಇಳಿಜಾರು ಮಾಡಾದರೆ ಉತ್ತರದ ಬದಿ ವಾಸಿ.

ಕೈಯಿಂದ ತೆರೆಯುವುದಾಗಲಿ ಮೋಟಾರಿನದಾಗಲಿ ನಿಮ್ಮ ಮನೆಗೆ ಒಗ್ಗುವುದಿಲ್ಲ ಎನಿಸಿದರೆ ಮೂರನೆಯ ದಾರಿಯೂ ಇದೆ. ಬೆಳಕಿಗೆ ತೆರೆಯದ ಗಾಜು, ಗಾಳಿಗೆ ಅದರ ಕೆಳಗಿನ ಪಕ್ಕದ ಗೋಡೆಯಲ್ಲಿ ಓರೆಯಾದ ಪಟ್ಟಿಗಳ ಕಿಂಡಿ. ಮೇಲೆ ಎರಡಡಿ ಸಜ್ಜಾ ಇದ್ದರೆ ಸಾಮಾನ್ಯ ಮಳೆಗೆ ಅದನ್ನು ಮುಚ್ಚುವ ಅಗತ್ಯ ಕಡಿಮೆ. ಕೋಲೂ ಬೇಡ, ಮೋಟಾರೂ ಬೇಡ. ಅಡುಗೆ ಮನೆಗಂತೂ ಇದು ಬಹಳ ಹೊಂದುತ್ತದೆ, ಏಕೆಂದರೆ ಒಗ್ಗರಣೆಯ ಹೊಗೆ ದಿನವೂ ಹೊರಗೆ ಹೋಗಲೇಬೇಕು. ಬಿರುಗಾಳಿಯ ಮಳೆಗೆ ಮಾತ್ರ ಸ್ವಲ್ಪ ಎರಚಲು ಬಂದೀತು.

ಸಹೋದರಿಯರೇ, ಮನೆ ಕಟ್ಟುವುದು ಜೀವಮಾನದ ದುಡಿಮೆಯ ಕೆಲಸ. ಮನೆಯ ಮಾತುಗಳನ್ನು ಸಮಾಲೋಚನೆಯಿಂದ ತೀರ್ಮಾನಿಸುವುದು ನಮಗೆ ಕಲಿಸಿದ ದಾರಿ. ಗುತ್ತಿಗೆದಾರರು ಪಟ್ಟಿ ತಂದ ದಿನ ಅಡುಗೆ ಮನೆಯಲ್ಲೇ ಉಳಿಯಬೇಡಿ. ಅತ್ತೆಯವರನ್ನೂ ಕರೆದುಕೊಂಡು ಬಂದು ಕುಳಿತುಕೊಳ್ಳಿ. ಪತಿ ದೂರದಲ್ಲಿದ್ದರೆ ಫೋನಿನಲ್ಲಿ ಹೀಗೆ ಕೇಳಿ: "ರಾತ್ರಿ ಎರಡು ಗಂಟೆಗೆ ಮಳೆ ಬಂದು ಕರೆಂಟು ಹೋದರೆ, ನಾನೊಬ್ಬಳೇ ಇರುವಾಗ ಇದನ್ನು ಹೇಗೆ ಮುಚ್ಚಲಿ?" ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಮೋಟಾರಿನದಾದರೂ ಸರಿ, ಕೈಯದಾದರೂ ಸರಿ, ಧೈರ್ಯವಾಗಿ ಹಾಕಿಸಿ. ಉತ್ತರ ಸಿಗದಿದ್ದರೆ ಸಿಗುವವರೆಗೆ ಸ್ಲ್ಯಾಬಿಗೆ ಕಿಂಡಿ ಬಿಡಿಸಬೇಡಿ.