ಹಳೆಯ ಕಾವ್ಯದ ಆಧುನಿಕ ಓದುಗ: ಕೀರ್ತಿನಾಥ ಕುರ್ತಕೋಟಿ

ಕನ್ನಡದ ಆಧುನಿಕ ವಿಮರ್ಶೆಯನ್ನು ಇಂಗ್ಲಿಷ್ ಸಾಹಿತ್ಯಪಾಠಗಳ ಪ್ರತಿಧ್ವನಿಯೆಂದು ಕಾಣುವ ಅಭ್ಯಾಸ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಎಲಿಯಟ್, ರಿಚರ್ಡ್ಸ್, ಲೀವಿಸ್ ಮೊದಲಾದ ಇಂಗ್ಲಿಷ್ ವಿಮರ್ಶಕರ ವಿಚಾರಗಳು ಕಾಲೇಜುಗಳ ಇಂಗ್ಲಿಷ್ ವಿಭಾಗಗಳ ಮೂಲಕ ಇಲ್ಲಿಗೆ ಬಂದವು, ಅವುಗಳಿಂದ ನವ್ಯವೆಂಬ ಹೊಸ ಸಾಹಿತ್ಯ ಪಂಥ ಹುಟ್ಟಿತು, ಹುಟ್ಟಿದ ನವ್ಯವು ಹಿಂದಿನದರೊಡನೆ ನಂಟು ಕಡಿದುಕೊಂಡಿತು ಎಂಬ ಕಥನ ಹೇಳುವುದಕ್ಕೆ ಸುಲಭವಾಗಿರುವುದರಿಂದಲೇ ಉಳಿದುಕೊಂಡು ಬಂದಿದೆ. ಈ ಕಥನಕ್ಕೆ ಒಗ್ಗದ ದೊಡ್ಡ ವಿಮರ್ಶಕರು ಕೀರ್ತಿನಾಥ ಕುರ್ತಕೋಟಿ. ಅವರು ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, ಪ್ರವೃತ್ತಿಯಿಂದ ನವ್ಯರ ಜೊತೆಗಾರರಾಗಿದ್ದರು. ಆದರೂ ಅವರ ಬರವಣಿಗೆಯ ಬೇರು ಇರುವುದು ಪಂಪ, ಕುಮಾರವ್ಯಾಸ ಮತ್ತು ಬೇಂದ್ರೆಯವರ ನುಡಿಯಲ್ಲಿ, ಎಂದರೆ ಬಹುಮಟ್ಟಿಗೆ ಇಂದಿನ ಗದಗ ಜಿಲ್ಲೆಯ ನೆಲದಲ್ಲಿ.

1928ರ ಅಕ್ಟೋಬರ್ 13ರಂದು ಗದಗಿನಲ್ಲಿ ಹುಟ್ಟಿದ ಅವರ ಮನೆತನದ ಹೆಸರು ಗದಗ ತಾಲ್ಲೂಕಿನದೇ ಒಂದು ಊರಿನ ಹೆಸರು. ಕುರ್ತಕೋಟಿಯವರು ಗುಜರಾತಿನ ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತ, ಸುತ್ತಲೂ ಗುಜರಾತಿ ನುಡಿಯಿದ್ದ ಊರಿನಲ್ಲಿ ಕುಳಿತು ಕನ್ನಡದಲ್ಲಿ ಬರೆದರು. ಕವಿತೆ ಬರೆದರು, ನಾಟಕ ಬರೆದರು. ಆದರೆ ಅವರನ್ನು ಉಳಿಸಿದ್ದು ವಿಮರ್ಶೆ. ‘ಉರಿಯ ನಾಲಗೆ’ ಎಂಬ ವಿಮರ್ಶಾ ಕೃತಿಗೆ 1995ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2003ರ ಜುಲೈ 31ರಂದು ಅವರು ತೀರಿಕೊಂಡರು.

ಅವರ ವಿಚಾರದ ಮೂಲಸೂತ್ರ ಸಿಗುವುದು ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ದಲ್ಲಿ. 1933ರಲ್ಲಿ ಸ್ಥಾಪನೆಯಾದ ಧಾರವಾಡದ ಮನೋಹರ ಗ್ರಂಥಮಾಲೆಯು ಇಪ್ಪತ್ತೈದು ವರ್ಷ ತುಂಬಿದಾಗ ಹೊರತಂದ ‘ನಡೆದು ಬಂದ ದಾರಿ’ ಸಂಪುಟಗಳಿಗಾಗಿ ಬರೆದ ಈ ಸಮೀಕ್ಷೆಯು ಹೊಸಗನ್ನಡ ಸಾಹಿತ್ಯವನ್ನು ಕೃತಿಗಳ ಯಾದಿಯಾಗಿ ನೋಡದೆ, ಒಂದು ಕಾಲದ ಮನಸ್ಸು ತನಗೆ ತಕ್ಕ ರೂಪವನ್ನು ಹುಡುಕಿಕೊಂಡ ಚರಿತ್ರೆಯಾಗಿ ನೋಡಿತು. ಯುಗಧರ್ಮವೆಂದರೆ ಕಾಲದ ಬೇಡಿಕೆಗೆ ಲೇಖಕ ತಲೆಬಾಗುವುದಲ್ಲ. ಒಂದು ಕಾಲಘಟ್ಟದ ಒಳಗಿನ ಒತ್ತಡಗಳು ಭಾಷೆಯಲ್ಲಿ, ಛಂದಸ್ಸಿನಲ್ಲಿ, ಪ್ರತಿಮೆಗಳಲ್ಲಿ, ಎಂದರೆ ಕೃತಿಯ ಕಟ್ಟಡದಲ್ಲಿಯೇ ಕಾಣಿಸಿಕೊಳ್ಳುವ ಬಗೆ. ಹೀಗೆ ನೋಡಿದಾಗ ಸಾಹಿತ್ಯದ ಸಾಮಾಜಿಕತೆಯನ್ನು ಹುಡುಕಲು ಕೃತಿಯ ಹೊರಗೆ ಹೋಗಬೇಕಾಗುವುದಿಲ್ಲ. ಮೂವತ್ತರ ಆಸುಪಾಸಿನ ಲೇಖಕನೊಬ್ಬ ಇಷ್ಟು ವಿಸ್ತಾರದ ನೋಟವನ್ನು ಕಟ್ಟಿಕೊಟ್ಟದ್ದು ಕನ್ನಡ ವಿಮರ್ಶೆಯಲ್ಲಿ ಅಪರೂಪದ ಘಟನೆ.

ಆಧುನಿಕತೆ ಮತ್ತು ಪರಂಪರೆಗಳ ಈ ಪ್ರಶ್ನೆ ಕನ್ನಡಕ್ಕೆ ಮಾತ್ರ ಎದುರಾದುದಲ್ಲ. ಸಿರಿಯಾದಲ್ಲಿ 1930ರಲ್ಲಿ ಹುಟ್ಟಿದ ಅರಬ್ಬಿ ಕವಿ, ವಿಮರ್ಶಕ ಅಡೋನಿಸ್ ಬೈರೂತಿನಲ್ಲಿ 1957ರಲ್ಲಿ ಆರಂಭವಾದ ‘ಶಿಅರ್’ ಎಂಬ ಕಾವ್ಯಪತ್ರಿಕೆಯ ಮೂಲಕ ಅರಬ್ಬಿ ಕಾವ್ಯಕ್ಕೆ ಹೊಸ ದಾರಿ ತೋರಿಸಿದವರಲ್ಲಿ ಒಬ್ಬರು. ಫ್ರೆಂಚ್ ಕವಿ ಬೋದಿಲೇರ್‌ನನ್ನು ಓದಿದ ಮೇಲೆಯೇ ತಮಗೆ ಅಬ್ಬಾಸಿದರ ಕಾಲದ ಅಬು ನುವಾಸ್‌ನ ಆಧುನಿಕತೆ ಕಂಡಿತೆಂದು ಅವರು ಹೇಳಿಕೊಂಡಿದ್ದಾರೆ. ಪರಭಾಷೆಯ ಕನ್ನಡಿಯಲ್ಲಿ ತನ್ನ ಭಾಷೆಯ ಸಾವಿರ ವರ್ಷದ ಹಿಂದಿನ ಕವಿಯ ಮುಖ ಕಾಣುವ ಈ ಬಗೆಗೆ ಭಾರತೀಯ ದರ್ಶನದಲ್ಲಿ ಪ್ರತ್ಯಭಿಜ್ಞೆ ಎಂಬ ಮಾತು ಸಲ್ಲುತ್ತದೆ: ಮೊದಲೇ ಗೊತ್ತಿದ್ದು ಮರೆತುಹೋದದ್ದನ್ನು ಇದೇ ಅದು ಎಂದು ಮತ್ತೆ ಗುರುತಿಸುವುದು. ಕುರ್ತಕೋಟಿಯವರದೂ ಇಂಗ್ಲಿಷಿನಿಂದ ಕನ್ನಡಕ್ಕೆ ಮರಳಿದ ದಾರಿಯೇ. ಆದರೆ ಇಬ್ಬರ ಸ್ಥಿತಿಯಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಅಡೋನಿಸ್ ತಮ್ಮ ಪರಂಪರೆಯೊಳಗೆ ಬದಿಗೆ ಸರಿದಿದ್ದ ಬಂಡಾಯದ ಧಾರೆಯನ್ನು ವಾದ ಹೂಡಿ ಮೇಲೆತ್ತಬೇಕಾಯಿತು. ಗದಗಿನಲ್ಲಿ ಹುಟ್ಟಿದವರಿಗೆ ಕುಮಾರವ್ಯಾಸ ಹಾಗೆ ದೂರ ಹೋದವನೇ ಅಲ್ಲ. ವೀರನಾರಾಯಣನ ಗುಡಿಯಲ್ಲಿ ಕುಳಿತು ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ರಚಿಸಿದನೆಂದು ಜನ ನಂಬಿಕೊಂಡು ಬಂದಿರುವ ಆ ಕವಿ ಅವರಿಗೆ ಇಂದಿಗೂ ಗದುಗಿನ ನಾರಣಪ್ಪ, ಅವನ ಭಾಮಿನಿ ಷಟ್ಪದಿ ಗ್ರಂಥಾಲಯಕ್ಕಿಂತ ಹೆಚ್ಚಾಗಿ ಗಮಕಿಗಳ, ಎಂದರೆ ಕಾವ್ಯವನ್ನು ರಾಗವಾಗಿ ಓದುವವರ, ಕೊರಳಲ್ಲಿ ಉಳಿದು ಬಂದಿತು. ಕಿವಿಗೆ ಹೀಗೆ ಪರಿಚಿತವಾದ ಕಾವ್ಯವನ್ನು ಬುದ್ಧಿಗೆ ಹೊಸದಾಗಿಸುವುದಷ್ಟೇ ಕುರ್ತಕೋಟಿಯವರ ಮುಂದಿದ್ದ ಕೆಲಸ. ಅವರು ಪರಂಪರೆಯ ಜೊತೆ ಜಗಳಕ್ಕಿಳಿಯದೆ ಮಾತಿಗೆ ಕುಳಿತದ್ದಕ್ಕೆ ಕಾರಣ ಇಲ್ಲಿದೆ.

ಈ ನೆಲದ ನುಡಿಚರಿತ್ರೆ ಕುಮಾರವ್ಯಾಸನಿಗಿಂತ ಬಹಳ ಹಿಂದಿನದು. ಇಂದಿನ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ, ಎಂದರೆ ಸಾರವತ್ತಾದ ಕನ್ನಡದ, ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಅದೂ ಒಂದು; 941ರ ಸುಮಾರಿಗೆ ಪಂಪ ತನ್ನ ಭಾರತಕ್ಕೆ ಆಧಾರವೆಂದು ಹೇಳಿಕೊಂಡದ್ದು ಆ ಪುಲಿಗೆರೆಯ ಕನ್ನಡವನ್ನೇ. ಇದೇ ಸೀಮೆಯ ಶಿರಹಟ್ಟಿಯ ನಂಟು ಹತ್ತಿರದ ಕಾಲದ್ದು. ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಆ ಊರಿನಲ್ಲಿ ದ.ರಾ. ಬೇಂದ್ರೆಯವರ ಪೂರ್ವಿಕರು ನೆಲೆಸಿದ್ದರು. ಬೇಂದ್ರೆ 1896ರಲ್ಲಿ ಹುಟ್ಟಿದ್ದು ಧಾರವಾಡದಲ್ಲಾದರೂ, ಅವರ ಕಾವ್ಯದ ಆಡುಮಾತಿನ ಲಯ ಈ ಸೀಮೆಯ ಕಿವಿಗೆ ಅರ್ಥ ಹೇಳಿಸಿಕೊಳ್ಳದೆ ಹಿಡಿಸುತ್ತದೆ.

ಕುರ್ತಕೋಟಿಯವರ ಬಹುದೊಡ್ಡ ಕೊಡುಗೆ ಬೇಂದ್ರೆಯವರ ಓದು ಎಂದು ನಿಸ್ಸಂಕೋಚವಾಗಿ ಹೇಳಬಹುದು. ನವ್ಯದ ಉತ್ಸಾಹದ ದಿನಗಳಲ್ಲಿ ಗೋಪಾಲಕೃಷ್ಣ ಅಡಿಗರ ಬಿಗಿಯಾದ ವ್ಯಂಗ್ಯ ಮತ್ತು ಪ್ರತಿಮೆಗಳು ಒಳ್ಳೆಯ ಕಾವ್ಯದ ಅಳತೆಗೋಲಾದಾಗ, ಹಾಡಾಗಿ ಹರಿಯುವ ಬೇಂದ್ರೆ ಹಿಂದಿನ ತಲೆಮಾರಿನ ಭಾವಗೀತೆಯ ಕವಿಯಾಗಿ ಕಂಡರು. ಸಂಖ್ಯೆಗಳಲ್ಲಿ ಅರ್ಥ ಹುಡುಕುವ ಅವರ ಕೊನೆಯ ಘಟ್ಟದ ಲೋಕವಂತೂ ಅನೇಕರಿಗೆ ಒಗಟೆನಿಸಿತು. ಕುರ್ತಕೋಟಿಯವರು ಅಡಿಗರ ಮಹತ್ವವನ್ನು ಅರಿತೇ ಬೇಂದ್ರೆಯವರನ್ನು ಬಿಟ್ಟುಕೊಡಲಿಲ್ಲ. ಶಬ್ದದ ನಾದವೇ ಅರ್ಥವನ್ನು ಹುಟ್ಟಿಸುವ, ಜನಪದ ಲಯದೊಳಗೆ ಪುರಾಣ ಮತ್ತು ದರ್ಶನ ಕೂಡಿಕೊಳ್ಳುವ ಬೇಂದ್ರೆಯವರ ಕ್ರಮಕ್ಕೆ ನವ್ಯದ ಅಳತೆಗೋಲು ಸಾಲದು ಎಂಬುದನ್ನು ಅವರ ಬರಹ ಮನವರಿಕೆ ಮಾಡಿಕೊಟ್ಟಿತು. ತನ್ನ ಕಾಲದ ಅಭಿರುಚಿಯ ನಡುವೆಯೇ ಇದ್ದು ಆ ಅಭಿರುಚಿಯ ಮಿತಿಯನ್ನು ಕಾಣುವುದು ವಿಮರ್ಶಕನಿಗೆ ಬೇಕಾದ ಅತ್ಯಂತ ಕಠಿಣ ಗುಣ.

ಇನ್ನೊಂದು ಕೊಡುಗೆ ಪುಸ್ತಕಗಳ ಪಟ್ಟಿಯಲ್ಲಿ ಕಾಣುವಂಥದಲ್ಲ. ಧಾರವಾಡದ ಸುಭಾಷ ರಸ್ತೆಯಲ್ಲಿ ‘ಅಟ್ಟ’ವೆಂದೇ ಹೆಸರಾದ ಮನೋಹರ ಗ್ರಂಥಮಾಲೆಯ ಮಾಳಿಗೆಯಲ್ಲಿ ಅದರ ಸಂಸ್ಥಾಪಕ ಜಿ.ಬಿ. ಜೋಶಿಯವರ ಸುತ್ತ ಸೇರಿದ ಬಳಗಕ್ಕೆ ಕುರ್ತಕೋಟಿಯವರು ವಿಮರ್ಶೆಯ ಕಣ್ಣಾಗಿದ್ದರು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’, ಅನಂತಮೂರ್ತಿಯವರ ‘ಸಂಸ್ಕಾರ’, ಎ.ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ ಬೆಳಕು ಕಂಡದ್ದು ಆ ಪ್ರಕಾಶನದಿಂದಲೇ. ಕನ್ನಡದಲ್ಲಿ ಚರಿತ್ರೆಯನ್ನು ಗಂಭೀರವಾಗಿ ಎದುರಿಸಿದ ನಾಟಕವಿಲ್ಲವೆಂಬ ಕುರ್ತಕೋಟಿಯವರ ಮಾತು ತಮ್ಮನ್ನು ‘ತುಘಲಕ್’ನತ್ತ ಒಯ್ದಿತೆಂದು ಗಿರೀಶ ಕಾರ್ನಾಡರು ಹೇಳಿಕೊಂಡಿದ್ದಾರೆ, ‘ಹಯವದನ’ದ ಇಂಗ್ಲಿಷ್ ಅನುವಾದಕ್ಕೆ ಪ್ರಸ್ತಾವನೆ ಬರೆದವರೂ ಕುರ್ತಕೋಟಿಯವರೇ. ವಿಮರ್ಶೆ ಕೃತಿಯ ಹಿಂದೆ ನಡೆಯುವ ಕೆಲಸವೆಂದು ತಿಳಿದವರು ಈ ಪ್ರಸಂಗವನ್ನು ಗಮನಿಸಬೇಕು, ಏಕೆಂದರೆ ಇಲ್ಲಿ ವಿಮರ್ಶಕನ ಒಂದು ಕೊರತೆಯ ಗುರುತು ನಾಟಕಕ್ಕಿಂತ ಮೊದಲೇ ಬಂದಿತ್ತು.

ಮಿತಿಗಳಿಲ್ಲದೆ ಇಲ್ಲ. ಕುರ್ತಕೋಟಿಯವರ ವಾಕ್ಯ ಹಲವೊಮ್ಮೆ ಹೊಳಹಿನಿಂದ ಹೊಳಹಿಗೆ ಜಿಗಿಯುತ್ತದೆ. ನಡುವಣ ಮೆಟ್ಟಿಲುಗಳನ್ನು ಓದುಗನೇ ಕಟ್ಟಿಕೊಳ್ಳಬೇಕಾಗುತ್ತದೆ, ಆಧಾರಗಳನ್ನು ಕ್ರಮವಾಗಿ ಮುಂದಿಡುವ ತಾಳ್ಮೆ ಅವರಿಗೆ ಕಡಿಮೆ. ಇದಕ್ಕಿಂತ ದೊಡ್ಡದು ಇನ್ನೊಂದು. 1970ರ ದಶಕದಲ್ಲಿ ದಲಿತ ಮತ್ತು ಬಂಡಾಯ ಸಾಹಿತ್ಯಗಳು ಪರಂಪರೆ ಯಾರದು, ಅದರಿಂದ ಹೊರಗಿಡಲ್ಪಟ್ಟವರು ಯಾರು ಎಂದು ಕೇಳಿದಾಗ, ಪರಂಪರೆಯ ಅಖಂಡತೆಯನ್ನು ನಂಬಿದ ಈ ವಿಮರ್ಶೆಯಲ್ಲಿ ಆ ಪ್ರಶ್ನೆಗೆ ತಕ್ಕಷ್ಟು ಜಾಗವಿರಲಿಲ್ಲ. ಅದನ್ನು ಒಪ್ಪಿಕೊಂಡ ಮೇಲೂ, ಹಳೆಯ ಕಾವ್ಯವನ್ನು ಪೂಜೆಯಿಂದಲೂ ತಿರಸ್ಕಾರದಿಂದಲೂ ಬಿಡಿಸಿ ಓದುವ ದಾರಿಯನ್ನು ಅವರಷ್ಟು ಚೆನ್ನಾಗಿ ತೋರಿದವರು ಅವರ ತಲೆಮಾರಿನಲ್ಲಿ ವಿರಳ.

ಈ ದಾರಿ ಹುಟ್ಟಿದ ನೆಲದಲ್ಲಿಯೇ ಮೊದಲು ಬಳಕೆಯಾಗಬೇಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಾಲೇಜುಗಳಲ್ಲಿ ಕನ್ನಡ ಓದುವ ವಿದ್ಯಾರ್ಥಿಗೆ ಪುಲಿಗೆರೆ ತನ್ನ ಪಕ್ಕದ ಊರು, ನಾರಣಪ್ಪ ತನ್ನ ಊರಿನ ಕವಿ. ಆ ಕವಿಗಳನ್ನು ಹೊಸ ಕಣ್ಣಿನಿಂದ ಓದಿದ ವಿಮರ್ಶಕನೂ ತನ್ನವನೇ ಎಂಬುದು ಅವನಿಗೆ ತಿಳಿಯಬೇಕು. ಅದಕ್ಕಾಗಿ ಕುರ್ತಕೋಟಿಯವರ ಮುನ್ನುಡಿಗಳೂ ಬಿಡಿಲೇಖನಗಳೂ ಸೇರಿದ ಸಮಗ್ರ ಬರಹವು ಟಿಪ್ಪಣಿ ಮತ್ತು ಪದಸೂಚಿಯೊಡನೆ ಸಿದ್ಧವಾಗಿ ಈ ತಾಲ್ಲೂಕುಗಳ ಗ್ರಂಥಾಲಯಗಳಿಗೆ ತಲುಪಬೇಕು. ವಿಶ್ವವಿದ್ಯಾಲಯಗಳು, ಅಕಾಡೆಮಿ ಮತ್ತು ಜಿಲ್ಲೆಯ ಸಾಹಿತ್ಯ ಸಂಸ್ಥೆಗಳು ಈ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು. 2028ರ ಅಕ್ಟೋಬರ್ 13ಕ್ಕೆ ಕುರ್ತಕೋಟಿಯವರು ಹುಟ್ಟಿ ನೂರು ವರ್ಷ ತುಂಬುತ್ತದೆ.